ಕಾಸ್ತೆಲ್ಲಿಯ ವಾದ ತಿವಾನಾಕು ತಲುಪಿದ ದಿನ

25 ಮೇ 2024, ಶನಿವಾರ

ಅರ್ಜೆಂಟೀನಾದಲ್ಲಿ ಇಂದು ಮೇ ಕ್ರಾಂತಿಯ ದಿನಾಚರಣೆ. 1810ರ ಇದೇ ದಿನ ಬ್ಯೂನಸ್ ಐರಿಸ್‌ನಲ್ಲಿ ಸ್ಪೇನಿನ ವೈಸ್‌ರಾಯ್ ಸಿಸ್ನೆರೋಸನ ಆಡಳಿತ ಕೊನೆಗೊಂಡು, ಕೊರ್ನೆಲಿಯೊ ಸಾವೆದ್ರನ ಅಧ್ಯಕ್ಷತೆಯಲ್ಲಿ ಮೊದಲ ಆಡಳಿತ ಮಂಡಳಿ ಅಧಿಕಾರ ವಹಿಸಿಕೊಂಡಿತು. ಆ ಮಂಡಳಿಯ ಸದಸ್ಯನಾಗಿದ್ದ ವಕೀಲ ಹುವಾನ್ ಹೊಸೆ ಕಾಸ್ತೆಲ್ಲಿಯ ಜೀವನವನ್ನು ಕೆಲವು ದಿನಗಳಿಂದ ಓದುತ್ತಿದ್ದೇನೆ. ಅವನನ್ನು ಮೇ ಕ್ರಾಂತಿಯ ವಾಗ್ಮಿ ಎಂದು ಕೊಂಡಾಡುವವರು 1810ರ ಮೇ ತಿಂಗಳಿಗೇ ನಿಂತುಬಿಡುತ್ತಾರೆ. ಅವನನ್ನು ಅಳೆಯಬೇಕಾದದ್ದು ಅದರ ಮರುವರ್ಷದ ಮೇ 25ರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಸ್ತೆಲ್ಲಿ ಹುಟ್ಟಿದ್ದು 1764ರಲ್ಲಿ, ಬ್ಯೂನಸ್ ಐರಿಸ್‌ನಲ್ಲಿ. ತಂದೆ ವೆನಿಸ್ ಮೂಲದವನು. ಮುಂದೆ ಸೇನಾನಿಯಾಗಿ ಹೆಸರಾದ ಮನುವೆಲ್ ಬೆಲ್ಗ್ರಾನೊ ಅವನ ಬಂಧು. ಬೆಲ್ಗ್ರಾನೊ ಕಾನೂನು ಕಲಿಯಲು ಸ್ಪೇನಿಗೆ ಹೋದರೆ, ಕಾಸ್ತೆಲ್ಲಿ ಇಂದಿನ ಬೊಲಿವಿಯಾದಲ್ಲಿರುವ ಚುಕಿಸಾಕದ ವಿಶ್ವವಿದ್ಯಾಲಯಕ್ಕೆ ಹೋದ. ಈ ವ್ಯತ್ಯಾಸವನ್ನು ನಾನು ಸಣ್ಣದೆಂದು ಭಾವಿಸುವುದಿಲ್ಲ. ಚುಕಿಸಾಕಕ್ಕೆ ಪೊಟೊಸಿಯ ಬೆಳ್ಳಿ ಗಣಿಗಳು ದೂರವಲ್ಲ. ಹದಿನಾರನೆಯ ಶತಮಾನದಿಂದ ಮೂಲನಿವಾಸಿಗಳ ಹಳ್ಳಿಗಳಿಂದ ಸರದಿಯ ಮೇಲೆ ಗಂಡಸರನ್ನು ಹಿಡಿದು ತಂದು ಗಣಿಗಿಳಿಸುತ್ತಿದ್ದ 'ಮಿತಾ' ಎಂಬ ಬಿಟ್ಟಿ ದುಡಿಮೆ ಆ ಸೀಮೆಯಲ್ಲಿ ಇನ್ನೂ ಜೀವಂತವಾಗಿತ್ತು. 1781ರಲ್ಲಿ ತುಪಾಕ್ ಕತಾರಿಯ ನಾಯಕತ್ವದಲ್ಲಿ ಐಮಾರಾ ಜನ ಲಾ ಪಾಸ್ ನಗರವನ್ನೇ ತಿಂಗಳುಗಟ್ಟಲೆ ಮುತ್ತಿದ್ದ ನೆನಪು ಅಲ್ಲಿ ಇನ್ನೂ ಹಸಿಯಾಗಿತ್ತು.

1810ರ ಮೇ 22ರ ಮುಕ್ತ ನಗರಸಭೆಗೆ ಸುಮಾರು 450 ಮಂದಿಗೆ ಆಹ್ವಾನ ಹೋಗಿತ್ತು. ಬಂದವರು ಸುಮಾರು 250. ಅಮೆರಿಕದ ನೆಲದಲ್ಲಿ ಒಬ್ಬನೇ ಸ್ಪೇನಿನವನು ಉಳಿದಿದ್ದರೂ ಆಳುವ ಹಕ್ಕು ಅವನದೇ ಎಂಬ ಅರ್ಥದಲ್ಲಿ ಬಿಷಪ್ ಲುವೆ ವಾದಿಸಿದ. ಕಾಸ್ತೆಲ್ಲಿ ಎದ್ದು ಉತ್ತರಿಸಿದ. ಆ ಭಾಷಣದ ಪೂರ್ಣ ಪಾಠ ಉಳಿದಿಲ್ಲವಾದರೂ ವಾದದ ತಿರುಳು ಹಾಜರಿದ್ದವರ ಬರಹಗಳಿಂದ ತಿಳಿದುಬರುತ್ತದೆ: ದೊರೆ ಏಳನೆಯ ಫರ್ನಾಂಡೊ ನೆಪೋಲಿಯನ್ನನ ಸೆರೆಯಲ್ಲಿದ್ದಾನೆ, ಅವನ ಹೆಸರಿನಲ್ಲಿ ಆಳುತ್ತಿದ್ದ ಸ್ಪೇನಿನ ಕೇಂದ್ರ ಮಂಡಳಿಯೂ ಚದುರಿಹೋಗಿದೆ, ಆದ್ದರಿಂದ ದೊರೆಗೆ ಒಪ್ಪಿಸಿದ್ದ ಪರಮಾಧಿಕಾರ ಅದನ್ನು ಒಪ್ಪಿಸಿದ ಜನರಿಗೇ ಮರಳಿದೆ. 1808ರಲ್ಲಿ ತಂತಮ್ಮ ಮಂಡಳಿಗಳನ್ನು ಕಟ್ಟಿಕೊಳ್ಳುವಾಗ ಸ್ಪೇನಿನ ನಗರಗಳು ನೆಚ್ಚಿದ್ದ ತರ್ಕವೂ ಇದೇ. ಎದುರಾಳಿಯ ಕೈಯಲ್ಲಿದ್ದ ನ್ಯಾಯವನ್ನೇ ಎತ್ತಿಕೊಂಡು ಎದುರಾಳಿಗೆ ಉತ್ತರ ಕೊಟ್ಟ ಆ ಚಾತುರ್ಯಕ್ಕೆ ಯಾವ ಕಾಲದ ವಕೀಲರೂ ತಲೆದೂಗಬೇಕು. ಆದರೆ ಅಂದು ಸಭೆಯಲ್ಲಿ ಕುಳಿತಿದ್ದವರು ನಗರದ ಗಣ್ಯರು ಮಾತ್ರ. ಪರಮಾಧಿಕಾರ ಮರಳಿದ್ದು ತಮ್ಮಂಥವರಿಗೆ ಎಂದೇ ಅವರಲ್ಲಿ ಬಹುಪಾಲು ಜನ ನಂಬಿದ್ದರು.

ಮುಂದಿನ ತಿಂಗಳುಗಳನ್ನು ಓದುವಾಗ ಮನಸ್ಸು ಭಾರವಾಗುತ್ತದೆ. ಬ್ರಿಟಿಷರ ದಾಳಿಯಿಂದ ಬ್ಯೂನಸ್ ಐರಿಸ್ ನಗರವನ್ನು ಉಳಿಸಿದ್ದ ಲಿನಿಯೆರ್ಸ್ ಹೊಸ ಮಂಡಳಿಯ ವಿರುದ್ಧ ಕೊರ್ದೊಬದಲ್ಲಿ ಪಡೆ ಕಟ್ಟಿದಾಗ, ಸೆರೆಸಿಕ್ಕ ಅವನನ್ನು ಕೊಲ್ಲಲು ಸೇನಾನಿ ಒಕಾಂಪೊ ಹಿಂಜರಿದ. ಮಂಡಳಿ ಕಾಸ್ತೆಲ್ಲಿಯನ್ನು ಕಳುಹಿಸಿತು, ಆಗಸ್ಟ್ 26ರಂದು ಲಿನಿಯೆರ್ಸನನ್ನೂ ಅವನ ನಾಲ್ವರು ಸಂಗಡಿಗರನ್ನೂ ಗುಂಡಿಕ್ಕಿ ಕೊಲ್ಲಲಾಯಿತು. ಡಿಸೆಂಬರಿನಲ್ಲಿ ಪೊಟೊಸಿಯ ಚೌಕದಲ್ಲಿ ಸ್ಪೇನಿನ ಮೂವರು ಅಧಿಕಾರಿಗಳಿಗೂ ಇದೇ ಗತಿಯಾಯಿತು. ಮಂಡಳಿಯ ಆಜ್ಞೆ ಸ್ಪಷ್ಟವಾಗಿತ್ತು ಎಂಬುದು ನಿಜ. ಆದರೂ ನ್ಯಾಯಾಲಯದಲ್ಲಿ ಬದುಕು ಕಳೆದವನೊಬ್ಬ ವಿಚಾರಣೆಯಿಲ್ಲದ ಮರಣದಂಡನೆಯನ್ನು ತಾನೇ ನಿಂತು ಜಾರಿಗೊಳಿಸಿದ್ದನ್ನು ನಾನು ಸಮರ್ಥಿಸಲಾರೆ.

ಆ ಕೈಯೇ 1811ರ ಮೇ 25ರ ಘೋಷಣೆಯನ್ನೂ ಹೊರಡಿಸಿತು. ಕ್ರಾಂತಿಯ ಮೊದಲ ವರ್ಷ ತುಂಬಿದ ದಿನವನ್ನು ಆಚರಿಸಲು ಕಾಸ್ತೆಲ್ಲಿ ಆರಿಸಿಕೊಂಡದ್ದು ತಿತಿಕಾಕ ಸರೋವರದ ಬಳಿಯ ತಿವಾನಾಕುವನ್ನು, ಇಂಕಾಗಳಿಗಿಂತಲೂ ಹಳೆಯದಾದ ಶಿಲಾ ಅವಶೇಷಗಳ ನಡುವಣ ಬಯಲನ್ನು. ಸೈನ್ಯವೂ ಸುತ್ತಲ ಹಳ್ಳಿಗಳ ಜನರೂ ಸೇರಿದ್ದ ಆ ಕೂಟದಲ್ಲಿ, ಮೂಲನಿವಾಸಿಗಳು ಉಳಿದ ಪ್ರಜೆಗಳಿಗೆ ಸಮಾನರು, ಎಲ್ಲ ಹುದ್ದೆಗಳಿಗೂ ಅರ್ಹರು ಎಂದು ಸಾರಲಾಯಿತು. ಅವರ ಮೇಲಿನ ಶೋಷಣೆ ನಿಲ್ಲಬೇಕು, ಭೂಮಿ ಹಂಚಿಕೆಯಾಗಬೇಕು, ಶಾಲೆಗಳು ತೆರೆಯಬೇಕು ಎಂಬ ಆದೇಶಗಳೂ ಹೊರಟವು. ನನಗೆ ಇದು ಮೇ 22ರ ವಾದದ ಮುಂದುವರಿಕೆಯಾಗಿಯೇ ಕಾಣುತ್ತದೆ. ಅಧಿಕಾರ ಜನರಿಗೆ ಮರಳಿತು ಎಂದ ಮೇಲೆ, ಆ ಪ್ರಾಂತದಲ್ಲಿ ಬಹುಸಂಖ್ಯಾತರಾಗಿದ್ದ ಐಮಾರಾ ಮತ್ತು ಕೆಚುವಾ ಜನರನ್ನು ಹೊರಗಿಡಲು ಯಾವ ಕಾರಣವೂ ಉಳಿಯುವುದಿಲ್ಲ. ಬ್ಯೂನಸ್ ಐರಿಸ್‌ನ ಗಣ್ಯರು ನಡುದಾರಿಯಲ್ಲೇ ನಿಲ್ಲಿಸಿದ ತರ್ಕವನ್ನು ಅವನು ಕೊನೆಯವರೆಗೂ ಕೊಂಡೊಯ್ದ. ಸೈನ್ಯಕ್ಕೆ ಸ್ಥಳೀಯರ ಬೆಂಬಲ ಬೇಕಿತ್ತು, ಅದಕ್ಕಾಗಿ ಈ ಘೋಷಣೆ ಎನ್ನುವವರಿದ್ದಾರೆ. ಅಗತ್ಯ ಇದ್ದದ್ದು ಹೌದು. ಆದರೆ ಮೇಲ್ ಪೆರುವಿನ, ಅಂದರೆ ಇಂದಿನ ಬೊಲಿವಿಯಾದ, ಗಣಿ ಮತ್ತು ಜಮೀನುಗಳ ಒಡೆಯರ ಬೆಂಬಲವೂ ಅಷ್ಟೇ ಬೇಕಾಗಿತ್ತು, ಈ ಘೋಷಣೆಯಿಂದ ಅವರು ದೂರವಾಗುವುದು ಖಚಿತವಾಗಿತ್ತು.

ಒಂದು ತಿಂಗಳೂ ಕಳೆಯಲಿಲ್ಲ. 40 ದಿನಗಳ ಕದನವಿರಾಮ ಮುಗಿಯುವ ಮೊದಲೇ, ಜೂನ್ 20ರಂದು, ಹುವಾಕಿಯಲ್ಲಿ ಗೊಯೆನೆಚೆಯ ರಾಜಪಕ್ಷದ ಪಡೆ ಕ್ರಾಂತಿಯ ಸೈನ್ಯವನ್ನು ಚದುರಿಸಿತು, ಮೇಲ್ ಪೆರು ಕೈತಪ್ಪಿತು. ಕಾಸ್ತೆಲ್ಲಿ ಆಪಾದಿತನಾಗಿ ಬ್ಯೂನಸ್ ಐರಿಸ್‌ಗೆ ಮರಳಿದ. ವಿಚಾರಣೆಯಲ್ಲಿ ಸೋಲಿನ ಪ್ರಶ್ನೆಯಷ್ಟೇ ಇರಲಿಲ್ಲ, ಧರ್ಮಕ್ಕೆ ಅಗೌರವ ತೋರಿದ ಆರೋಪವಿತ್ತು, ದೊರೆ ಫರ್ನಾಂಡೊಗೆ ಸಲ್ಲಬೇಕಾದ ನಿಷ್ಠೆಗೆ ಧಕ್ಕೆಯಾಯಿತೇ ಎಂಬ ಪ್ರಶ್ನೆಯೂ ಇತ್ತು. ಅವನೊಡನೆ ಕೆಲಸ ಮಾಡಿದ್ದ ಬರ್ನಾರ್ಡೊ ಮೊಂತೆಯಾಗುದೊ ಸಾಕ್ಷಿ ಹೇಳುತ್ತಾ, ಸ್ಪೇನಿನ ದೊರೆಗಳ ಅಕ್ರಮ ಆಳ್ವಿಕೆಯನ್ನು ನೇರವಾಗಿಯೇ ವಿರೋಧಿಸಲಾಯಿತು, ಸಮಾನತೆ ಮತ್ತು ಸ್ವಾತಂತ್ರ್ಯವನ್ನು ಹರಡಲು ಕಾಸ್ತೆಲ್ಲಿ ಎಲ್ಲ ಮಾರ್ಗಗಳಿಂದಲೂ ಯತ್ನಿಸಿದ ಎಂದು ಮುಚ್ಚುಮರೆಯಿಲ್ಲದೆ ನುಡಿದ. ಕ್ರಾಂತಿಯ ಸರ್ಕಾರವೇ ಇನ್ನೂ ದೊರೆಯ ಹೆಸರಿನಲ್ಲಿ ಆಳುತ್ತಿದ್ದ ದಿನಗಳಲ್ಲಿ ಹಾಗೆ ನುಡಿಯಲು ಎದೆಗಾರಿಕೆ ಬೇಕಿತ್ತು. ಅಷ್ಟರಲ್ಲಿ ಕಾಸ್ತೆಲ್ಲಿಯ ನಾಲಿಗೆಗೆ ಕ್ಯಾನ್ಸರ್ ತಗುಲಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ಕತ್ತರಿಸಬೇಕಾಯಿತು. 1812ರ ಅಕ್ಟೋಬರ್ 12ರಂದು, ತೀರ್ಪು ಬರುವ ಮೊದಲೇ, 48ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ.

1813ರ ಮಾರ್ಚಿನಲ್ಲಿ ಬ್ಯೂನಸ್ ಐರಿಸ್‌ನ ಶಾಸನಸಭೆ ಮಿತಾ ಮತ್ತು ಎಲ್ಲ ಬಗೆಯ ಬಿಟ್ಟಿ ಸೇವೆಯನ್ನು ರದ್ದುಗೊಳಿಸಿ, ಆ ಆಜ್ಞೆಯನ್ನು ಗ್ವಾರಾನಿ, ಕೆಚುವಾ, ಐಮಾರಾ ಭಾಷೆಗಳಲ್ಲೂ ಹೊರಡಿಸಲು ನಿರ್ಧರಿಸಿತು. ಆದರೆ ಗಣಿಗಳಿದ್ದ ನೆಲ ಅವರ ಹಿಡಿತದಲ್ಲಿ ನಿಲ್ಲಲಿಲ್ಲ. ಅದೇ ನೆಲ 1825ರಲ್ಲಿ ಬೊಲಿವಿಯಾ ಎಂಬ ಸ್ವತಂತ್ರ ದೇಶವಾದಾಗ ಮೂಲನಿವಾಸಿಗಳ ಮೇಲಿನ ತಲೆಗಂದಾಯವನ್ನು ಬೊಲಿವಾರ್ ತೆಗೆದುಹಾಕಿದ. ಬೊಕ್ಕಸ ಬರಿದಾಯಿತೆಂದು ಮರುವರ್ಷವೇ ಹೊಸ ಗಣರಾಜ್ಯ ಅದನ್ನು ಮತ್ತೆ ಹೇರಿತು.