ನಳ ಬರುವ ದಿನ

12 ಜನವರಿ 2025, ರವಿವಾರ
ವಿಜಯಪುರ

ಬೆಳಗಿನ ಜಾವ ಐದಕ್ಕೆ ಮೋಟರ್ ಸದ್ದಿಗೆ ಎಚ್ಚರವಾಯಿತು. ಕಣ್ಣು ಬಿಡುವ ಮೊದಲೇ ಕೈ ವಾಕಿಟಾಕಿ ಹುಡುಕುತ್ತಿತ್ತು. ಸಿಕ್ಕಿದ್ದು ಅವ್ವನ ಬಳೆ ಡಬ್ಬಿ. ಆಮೇಲೆ ನೆನಪಾಯಿತು, ಇದು ದಕ್ಷಿಣ ಸುಡಾನಿನ ಬೆಂಟಿಯು ಶಿಬಿರ ಅಲ್ಲ, ನಮ್ಮ ಮನೆ. ಇವತ್ತು ಓಣಿಗೆ ನಳ ಬರುವ ದಿನ.

ಎದ್ದು ಕೊಡ ಹಿಡಿದು ಹೊರಗೆ ಹೋದೆ. ಅವ್ವ ಕಸಿದುಕೊಂಡಳು.

"ಅಲ್ಲೂ ನೀರ, ಇಲ್ಲೂ ನೀರ ಏನ? ಹೋಗಿ ಸುಮ್ನ ಮಲ್ಕೋ."

ಮಲಗಿದೆ. ನಿದ್ದೆ ಬರಲಿಲ್ಲ. 200 ಲೀಟರಿನ ಬ್ಯಾರಲ್ ಎರಡು, 15 ಲೀಟರಿನ ಕೊಡ ಎಂಟು. ಮನೆಯಲ್ಲಿ ಐದು ಜನ, ಮುಂದಿನ ನಳಕ್ಕೆ ಐದು ದಿನ. ತಲೆಗೆ ದಿನಕ್ಕೆ 20 ಲೀಟರ್ ದಾಟುತ್ತದೆ. ನಿರಾಶ್ರಿತರ ಶಿಬಿರಗಳಿಗೆ ಇರುವ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡದ ಲೆಕ್ಕದಲ್ಲಿ ಕನಿಷ್ಠ 15 ಲೀಟರ್ ಸಾಕು. ನಮ್ಮ ಮನೆ ಪಾಸ್! (ಬಳಕೆಗೆ ಬೋರ್ ನೀರಿದೆ, ಅದು ಬೇರೆ.)

ದಕ್ಷಿಣ ಸುಡಾನಿನಲ್ಲಿ ನನ್ನ ಕೆಲಸವೇ ಇದು, ಶಿಬಿರದ ನೀರು ನೋಡಿಕೊಳ್ಳುವುದು. ಆರು ವಾರ ದುಡಿದರೆ ಒಂದು ವಾರ ಬಿಡುವು. ನಮ್ಮವರು ಅದನ್ನು ಆರ್ ಅಂಡ್ ಆರ್ ಅನ್ನುತ್ತಾರೆ. ಜೊತೆಯವರೆಲ್ಲ ನೈರೋಬಿಗೆ ಹೋಗಿ ಹೋಟೆಲಿನಲ್ಲಿ ಮಲಗುತ್ತಾರೆ. ನಾನು ಮಾತ್ರ ರುಬ್ಕೋನಾದಿಂದ ಸಣ್ಣ ವಿಮಾನ, ಜುಬಾ, ಅಡಿಸ್ ಅಬಾಬಾ, ಮುಂಬೈ, ಅಲ್ಲಿಂದ ರಾತ್ರಿ ರೈಲು ಅಂತ ಬಂದೆ. ಎರಡು ದಿನ ದಾರಿಯಲ್ಲೇ ಹೋಯಿತು. ಹುಚ್ಚು ಅಲ್ವಾ?

ಈ ಸಲ ಬರಲು ಮನಸ್ಸೇ ಇರಲಿಲ್ಲ. ಅಕ್ಟೋಬರಿನಲ್ಲಿ ಆ ದೇಶದಲ್ಲಿ ಕಾಲರಾ ಕಾಣಿಸಿತು. ಡಿಸೆಂಬರಿಗೆ ನಮ್ಮ ಕಡೆಗೂ ಬಂತು. ಬೆಂಟಿಯು ಶಿಬಿರದಲ್ಲಿ ಲಕ್ಷಕ್ಕೂ ಜಾಸ್ತಿ ಜನ ಇದ್ದಾರೆ. 2013ರ ಡಿಸೆಂಬರಿನಲ್ಲಿ ಶುರುವಾದ ಜಗಳಕ್ಕೆ ಓಡಿಬಂದವರು ಬಹಳ, ಆಮೇಲೆ ನೆರೆ ಬಂದು ಊರು ಬಿಟ್ಟವರು ಇನ್ನಷ್ಟು. 2021ರ ನೆರೆ ನೀರು ಇನ್ನೂ ಪೂರ್ತಿ ಇಳಿದಿಲ್ಲ. ಸುತ್ತ ಮಣ್ಣಿನ ಒಡ್ಡು, ಅದರಾಚೆ ಕಣ್ಣು ಹಾಯುವಷ್ಟು ದೂರ ನೀರು, ಕುಡಿಯಲು ಬಾರದ ನೀರು. ಇಂಥ ಹೊತ್ತಿನಲ್ಲಿ ರಜೆ ಹೇಗೆ ಹಾಕುವುದು?

ಆದರೆ ಡಿಸೆಂಬರ್ ಕೊನೆಗೆ ಒಂದೇ ಟ್ಯಾಂಕಿಗೆ ಎರಡನೇ ಸಲ ಕ್ಲೋರಿನ್ ಹಾಕಿಸಲು ಹೊರಟಿದ್ದೆ. ಬೆಳಿಗ್ಗೆ ನಾನೇ ಹಾಕಿಸಿದ್ದೆ, ನಾನೇ ಪುಸ್ತಕದಲ್ಲಿ ಬರೆದಿದ್ದೆ. ಜೊತೆಗಿದ್ದ ಹುಡುಗ ಮಾತಾಡದೆ ಆ ಪುಟ ತೆಗೆದು ತೋರಿಸಿದ. ಅವತ್ತೇ ಸಂಜೆ ರಜೆ ಚೀಟಿ ಬರೆದೆ.

ಹತ್ತು ಗಂಟೆಗೆ ಅಣ್ಣನ ಮಗನನ್ನು ಕರೆದುಕೊಂಡು ತಾಜ್ ಬಾವಡಿಗೆ ಹೋದೆ. 1620ರ ಬಾವಿ. ಚಿಕ್ಕವಳಿದ್ದಾಗ ಇದು ನನಗೆ ಬರೀ ಕಸದ ಹೊಂಡ. ಈಗ ಹೂಳು ತೆಗೆದಿದ್ದಾರೆ, ನೀರು ಕಾಣುತ್ತದೆ. ದಾರಿಯಲ್ಲಿ ಅವನಿಗೆ ಗಂಜ್ ತೋರಿಸಿದೆ. ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಯಲ್ಲಿ ಬರುತ್ತಿದ್ದ ನೀರಿನ ರಭಸ ಮುರಿಯಲು, ಕೆಸರು ತಳಕ್ಕೆ ಕೂರಲು ಆದಿಲ್‌ಶಾಹಿಯವರು ಕಟ್ಟಿದ ಗೋಪುರ ಅದು. ನಾನು ಕೈ ಆಡಿಸಿ ಆಡಿಸಿ ವಿವರಿಸಿದೆ. "ಅತ್ತಿ, ಐಸ್‌ಕ್ರೀಮ್" ಅಂದ. ಸರಿ, ನನಗೂ ರಜೆ ತಾನೆ.

ಮಧ್ಯಾಹ್ನ ಬಬಲೇಶ್ವರ ದಾರಿಯ ಕಾಕಾನ ಹೊಲದಲ್ಲಿ ಸೀತನಿ. ಕುಳ್ಳಿನ ಕೆಂಡದಲ್ಲಿ ಹಾಲುಗಾಳಿನ ಜೋಳದ ತೆನೆ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಕೊಡುತ್ತಿದ್ದರು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ನಾಲಿಗೆ ಸುಟ್ಟರೂ ನಿಲ್ಲಿಸಲಿಲ್ಲ.

"ಅಲ್ಲಿ ಮಂದಿ ಏನ ತಿಂತಾರವಾ?" ಕಾಕಾ ಕೇಳಿದ.

"ಜೋಳಾನ ಕಾಕಾ. ಆದ್ರ ರೊಟ್ಟಿ ಬಡಿಯೂದಿಲ್ಲ. ಹಿಟ್ಟು ಹುಳಿ ಬರಿಸಿ ಹಂಚಿನ ಮ್ಯಾಲ ತೆಳ್ಳಗ ಎಳಿತಾರ. ಕಿಸ್ರಾ ಅಂತಾರ."

"ನಮ್ಮ ಜೋಳ ಅಲ್ಲೀತನಕ ಹೋಗೇತೇನು!"

"ಇಲ್ಲ ಕಾಕಾ, ಅದು ಹುಟ್ಟಿದ್ದ ಆಫ್ರಿಕಾದಾಗ, ಸುಡಾನ್ ಕಡೆ. ಅಲ್ಲಿಂದ ನಮಗ ಬಂದೈತಿ."

ಕಾಕಾ ತೆನೆ ತಿಕ್ಕುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಯೋಚಿಸಿದ. "ಹಂಗಾದ್ರ ನೀ ಜೋಳದ ತವರಮನಿಗೆ ನೀರು ಕುಡಿಸಾಕ ಹೋಗಿ ಅನ್ನು."

ಆಮೇಲೆ ಬೇವಿನ ಮರದಡಿ ಹೊರಸಿನ ಮೇಲೆ ಸುಮ್ನೆ ಒರಗಿದ್ದು ಅಷ್ಟೇ ಗೊತ್ತು. ಎದ್ದಾಗ ಹೊತ್ತು ಇಳಿದಿತ್ತು. ಕೆನ್ನೆಯ ಮೇಲೆ ಹೊರಸಿನ ಹಗ್ಗದ ಗುರುತು. ಯಾರೋ ಮೇಲೆ ಟವೆಲ್ ಹೊದಿಸಿದ್ದರು.

ರಾತ್ರಿ ಫೋನ್ ನೋಡಿದೆ. ಶಿಬಿರದ ಆ ಹುಡುಗ ಒಂದು ಚಿತ್ರ ಕಳಿಸಿದ್ದ. ಪರೀಕ್ಷೆಯ ಕೊಳವೆಯಲ್ಲಿ ಗುಲಾಬಿ ಬಣ್ಣದ ನೀರು, ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್. ಕೆಳಗೆ ಒಂದೇ ಸಾಲು, "ಮೇಡಂ, ಮಲಗಿ."

ಬರೆಯುತ್ತಾ ಕೂತಿದ್ದೇನೆ. ಅವ್ವ ಎರಡು ಸಲ ಲೈಟ್ ಆರಿಸು ಅಂದಳು. ನಾಳೆ ನಳ ಬರುವುದಿಲ್ಲ.