ಬಿಟ್ಟಳೋ, ಬಿಡಿಸಿದರೋ?

"ಮೇಡಂ, ಕಥೆ ಓದಿ ನಾಲ್ಕು ಸಾಲು ಬರೆದರೆ ಅನ್ಯಾಯ ನಿಂತುಹೋಗುತ್ತಾ?" ಮಂಡ್ಯ ಕಡೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನ್ನನ್ನು ಪೋಷಕರ ಸಭೆಯಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲೂ ಜನ ಹೀಗೆ ಕೇಳುತ್ತಾರೆ.

ತಾನಾಗೇ ನಿಲ್ಲುವುದಿಲ್ಲ. ಆದರೆ ಅನ್ಯಾಯ ಮೊದಲು ಮಗುವಿನ ಕಣ್ಣಿಗೆ ಬೀಳಬೇಕು, ಅಲ್ವಾ?

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಮನೆಯವರ ಬಗ್ಗೆ ಬರೆದಿದ್ದಳು. ಅದರಲ್ಲೊಂದು ಸಾಲು: "ಅಕ್ಕ ಏಳನೇ ಕ್ಲಾಸಿಗೆ ಸ್ಕೂಲ್ ಬಿಟ್ಟಳು." ಆ ವಾರ ಮಾಡು-ಮಾಡಿಸು, ಓದು-ಓದಿಸು ಪಾಠ ನಡೆದಿತ್ತು. ಅದೇ ಗುಂಗಿನಲ್ಲಿ "ಬಿಟ್ಟಳೋ, ಬಿಡಿಸಿದರೋ?" ಎಂದು ಕೇಳಿದೆ. ಹುಡುಗಿ ತುಂಬ ಹೊತ್ತು ಸುಮ್ನೆ ನಿಂತಳು. ಮರುದಿನ ತಿದ್ದಿ ತಂದಳು: "ಅಕ್ಕನನ್ನು ಸ್ಕೂಲ್ ಬಿಡಿಸಿದರು. ತಮ್ಮನನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ."

ಬಿಟ್ಟಳು ಅಂದರೆ ತಪ್ಪೆಲ್ಲ ಅಕ್ಕನದು. ಬಿಡಿಸಿದರು ಅಂದ ಕೂಡಲೇ ಯಾರು, ಯಾಕೆ ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ. ಮನೆಯಲ್ಲಿ ಅಣ್ಣನಿದ್ದಿದ್ದರೆ ಅವನನ್ನು ಬಿಡಿಸುತ್ತಿದ್ದರಾ? ಇದನ್ನು ಕೇಳಿದ್ದು ನಾನಲ್ಲ, ಕ್ಲಾಸಿನ ಮಕ್ಕಳು. 6ರಿಂದ 14 ವರ್ಷದವರಿಗೆ ಶಿಕ್ಷಣ ಹಕ್ಕು ಎಂದು 2009ರಲ್ಲೇ ಕಾನೂನಾಗಿದೆ ಎಂದು ನಾನು ಹೇಳಿದೆ. ಆಗ ಅಕ್ಕನಿಗೆ 12.

ಬರೆಯಲು ಧೈರ್ಯ ಬರುವುದು ಓದಿನಿಂದ. ನಮ್ಮ ಮಕ್ಕಳಿಗೆ ತಮ್ಮ ಮಾತಿನ ಬಗ್ಗೆಯೇ ನಾಚಿಕೆ. ಮಂಡ್ಯದ ಮಾತು ಒರಟು ಎಂದು ನಗುವವರೇ ಜಾಸ್ತಿ. ಅದಕ್ಕೇ ದೇವನೂರ ಮಹಾದೇವ ಅವರ ‘ಒಡಲಾಳ’ ಎಂಬ, ಬಡ ದಲಿತ ಮನೆಯೊಂದರ ಕಥೆಯನ್ನು ಗಟ್ಟಿಯಾಗಿ ಓದಿಸುತ್ತೇನೆ. ಅದು ಪಕ್ಕದ ನಂಜನಗೂಡು ಕಡೆಯ ಮಾತು. ಆ ಮನೆಯ ಮುದುಕಿ ಸಾಕವ್ವ ಕಳೆದುಹೋದ ಹುಂಜವನ್ನು ಹುಡುಕುವಾಗ "ನಮ್ಮಜ್ಜಿ ಮಾತಾಡ್ದಂಗೇ ಅದೆ ಮೇಡಂ" ಎಂದು ಮಕ್ಕಳು ಹಿಗ್ಗುತ್ತಾರೆ. ಕಳುವಾದ ಕಡಲೆಕಾಯಿ ಹುಡುಕಿಕೊಂಡು ಪೊಲೀಸರು ಆ ಮನೆಗೆ ಬರುವ ಹೊತ್ತಿಗೆ ಯಾರೂ ಮಾತಾಡುವುದಿಲ್ಲ. ಒಂದಿಡೀ ಕೇರಿಯನ್ನು ಕಳ್ಳರು ಎಂದುಬಿಡುವುದು ಊರಿನಲ್ಲಿ ಎಷ್ಟು ಸಲೀಸು! ಆ ಮನೆಯ ಹಸಿವನ್ನು ಓದಿದ ಹುಡುಗನ ನಾಲಿಗೆ ಆ ಮಾತಿಗೆ ಒಂದು ಗಳಿಗೆ ತಡೆಯುತ್ತದೆ. ನನಗೆ ಆ ಒಂದು ಗಳಿಗೆ ಬಹಳ ದೊಡ್ಡದು.

1973ರಲ್ಲಿ ಮಂತ್ರಿಯಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲೇ ಕನ್ನಡ ಸಾಹಿತ್ಯದಲ್ಲಿ ಬೂಸಾವೇ, ಅಂದರೆ ಹೊಟ್ಟೇ, ಹೆಚ್ಚು ಎಂಬರ್ಥದ ಮಾತಾಡಿದರು. ದೊಡ್ಡ ಗಲಾಟೆಯಾಗಿ ಮಂತ್ರಿ ಪದವಿಯೂ ಹೋಯಿತು. ಇದನ್ನು ಹೇಳಿದರೆ ಮಕ್ಕಳು ಪಠ್ಯಪುಸ್ತಕ ತಿರುವಿಹಾಕಿ, ಇದರಲ್ಲಿ ನಮ್ಮ ಕೇರಿ ಎಲ್ಲಿದೆ ಎಂದು ಹುಡುಕುತ್ತಾರೆ. ಇಲ್ಲದಿದ್ದರೆ ನೀವೇ ಬರೆಯಿರಿ ಎನ್ನುತ್ತೇನೆ.

ಆ ಹುಡುಗಿ ತನ್ನ ಬರಹವನ್ನು ಮನೆಯಲ್ಲಿ ಓದಿದಳಂತೆ. ಅಪ್ಪ ಊಟ ಬಿಟ್ಟು ಎದ್ದುಹೋದರಂತೆ. ಅಕ್ಕ ಮತ್ತೆ ಸ್ಕೂಲಿಗೆ ಬರಲಿಲ್ಲ, ಅವಳಿಗೆ ಮದುವೆಯಾಗಿತ್ತು. ಹತ್ತನೇ ಕ್ಲಾಸಾದ ಮೇಲೆ ತಂಗಿಯನ್ನು ಕಾಲೇಜಿಗೆ ಸೇರಿಸುವಾಗ ಅಪ್ಪ ನನ್ನ ಹತ್ತಿರ ಬಂದು, ಅರ್ಜಿ ಎಲ್ಲಿ ತುಂಬಬೇಕು ಎಂದು ಕೇಳಿದರು.