ಸಂಬಂಧ ತಪ್ಪುವ ಭಯದಲ್ಲಿ ಮುಚ್ಚಿಟ್ಟ ಕಾಯಿಲೆ

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮದುವೆಯ ಮಾತುಕತೆ ಶುರುವಾದಾಗ ಎಷ್ಟೋ ಪ್ರಶ್ನೆಗಳನ್ನು ಬಾಯಿಬಿಟ್ಟೇ ಕೇಳುತ್ತಾರೆ. ತೋಟ ಎಷ್ಟು ಎಕರೆ, ಹುಡುಗ ಊರಲ್ಲೇ ಇರುತ್ತಾನೋ ಬೆಂಗಳೂರಿನಲ್ಲೋ, ಜಾತಕ ಕೂಡುತ್ತದೋ ಇಲ್ಲವೋ ಎಂಬುದೆಲ್ಲ ಜಗಲಿಯ ಮೇಲೆ ಕವಳದ ಹರಿವಾಣ ಮುಂದಿಟ್ಟುಕೊಂಡು ಆಡುವ ಮಾತು. ಆದರೆ ಆ ಮನೆಯಲ್ಲಿ ಯಾರಿಗಾದರೂ ತಲೆ ಸರಿ ಇಲ್ಲದ್ದು ಉಂಟೋ ಎಂಬ ಪ್ರಶ್ನೆಯನ್ನು ಮಾತ್ರ ಮೂರನೆಯವರ ಮೂಲಕ, ದನಿ ತಗ್ಗಿಸಿ ಕೇಳಲಾಗುತ್ತದೆ. ಅದಕ್ಕೆ ಸಿಗುವ ಉತ್ತರವೂ ಅಷ್ಟೇ ತಗ್ಗಿದ ದನಿಯದು, ಮತ್ತು ಆ ಉತ್ತರ ಬಂದ ಮೇಲೆ ಸಂಬಂಧ ಯಾಕೆ ಮುಂದುವರಿಯಲಿಲ್ಲ ಎಂದು ಯಾರೂ ಯಾರಿಗೂ ವಿವರಿಸುವುದಿಲ್ಲ. ಮಾನಸಿಕ ಕಾಯಿಲೆಗೆ ನಮ್ಮಲ್ಲಿ ಅಂಟಿಕೊಂಡಿರುವ ಕಳಂಕದ ಬೇರು ಇಲ್ಲಿದೆ ಎಂದು ಬಹಳ ವರ್ಷಗಳಿಂದ ನನಗೆ ಅನ್ನಿಸಿದೆ. ನಮ್ಮ ಜನ ಕಾಯಿಲೆ ಬಿದ್ದವರನ್ನು ದ್ವೇಷಿಸುವವರಲ್ಲ, ಊಟಕ್ಕೆ ಕರೆಯದೆ ಬಿಡುವವರೂ ಅಲ್ಲ. ಆದರೆ ಮನೆಯಲ್ಲಿರುವ ಹೆಣ್ಣುಮಗಳಿಗೋ ತಮ್ಮನಿಗೋ ಸಂಬಂಧ ತಪ್ಪೀತು ಎಂಬ ಒಂದೇ ಭಯ, ಇಡೀ ಕುಟುಂಬ ಕಾಯಿಲೆಯನ್ನು ಅಟ್ಟದ ಮೇಲಿಟ್ಟು ಏಣಿ ತೆಗೆಯುವಂತೆ ಮಾಡುತ್ತದೆ.

ಮುಚ್ಚಿಡುವುದಕ್ಕೆ ಎಷ್ಟು ಶ್ರಮ ಬೇಕು ಎಂಬುದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಊರಿನ ಔಷಧದ ಅಂಗಡಿಯವರು ಪರಿಚಯದವರು, ಚೀಟಿ ನೋಡಿದರೆ ತಿಳಿದುಬಿಡುತ್ತದೆ ಎಂದು ಮಾತ್ರೆಗಾಗಿ ಹುಬ್ಬಳ್ಳಿಯ ಬಸ್ಸು ಹತ್ತುವವರಿದ್ದಾರೆ. ಮಾತ್ರೆಯ ಹೆಸರು ಕಾಣದ ಹಾಗೆ ಹಾಳೆಯ ಹಿಂಬದಿಯನ್ನು ಉಗುರಿನಿಂದ ಕೆರೆದು, ಒಂದೊಂದನ್ನೇ ಬಿಡಿಸಿ ವಿಟಮಿನ್ ಡಬ್ಬಿಯಲ್ಲಿ ಹಾಕಿಡುವ ತಾಯಿಯೊಬ್ಬರನ್ನು ನಾನು ಹತ್ತಿರದಿಂದ ಬಲ್ಲೆ. ಮಗನಿಗೆ ಏನಾಗಿದೆ ಎಂದು ಯಾರಾದರೂ ಕೇಳಿದರೆ ಗ್ಯಾಸ್ಟ್ರಿಕ್ ಎನ್ನುತ್ತಿದ್ದರು. ಹೀಗೆ ಬಚ್ಚಿಡುವುದರಲ್ಲೇ ಶಕ್ತಿಯೆಲ್ಲ ಮುಗಿದಾಗ ತಪ್ಪುವುದು ಚಿಕಿತ್ಸೆಯ ಸಾತತ್ಯ: ಹಬ್ಬಕ್ಕೆ ನೆಂಟರು ಬಂದರೆಂದು ನಾಲ್ಕು ದಿನ ಮಾತ್ರೆ ನಿಲ್ಲುತ್ತದೆ, ನಿದ್ದೆ ಕೆಡುತ್ತದೆ, ತಿಂಗಳೊಳಗೆ ಕಾಯಿಲೆ ಮರುಕಳಿಸುತ್ತದೆ, ಮತ್ತು ಮರುಕಳಿಸಿದ್ದನ್ನು ಕಂಡವರು 'ಈ ರೋಗ ವಾಸಿಯಾಗುವುದಲ್ಲ' ಎಂದು ತೀರ್ಮಾನಿಸುತ್ತಾರೆ. ದೇಶದ ಹನ್ನೆರಡು ರಾಜ್ಯಗಳಲ್ಲಿ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು, ಮತ್ತು ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊರಗೇ ಉಳಿದಿದ್ದರು. ನೂರು ಮನೆಗಳ ಒಂದು ಊರಿಗೆ ಈ ಲೆಕ್ಕವನ್ನು ಇಟ್ಟು ನೋಡಿದರೆ, 'ನಮ್ಮ ಮನೆತನದಲ್ಲಿ ಅಂಥದ್ದೇನೂ ಇಲ್ಲ' ಎಂದು ಹೇಳುವ ಎಲ್ಲರೂ ನಿಜ ಹೇಳುತ್ತಿರಲಾರರು.

ಮನೆತನದ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಸಂಬಂಧ ಬಿಡುವವರೆಲ್ಲ ಬಳಸುವುದು ಆನುವಂಶಿಕತೆಯ ವಾದವನ್ನೇ. ತೀವ್ರ ಕಾಯಿಲೆಗಳಲ್ಲಿ ಎಲ್ಲರೂ ಹೆಚ್ಚು ಹೆದರುವ, ಇಲ್ಲದ ದನಿ ಕೇಳಿಸುವ, ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾವನ್ನೇ ತೆಗೆದುಕೊಳ್ಳೋಣ. ಸಾಮಾನ್ಯ ಜನರಲ್ಲಿ ಅದು ಬರುವ ಸಂಭವ ಸರಿಸುಮಾರು ಶೇ. 1. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಮಗುವಿಗೆ ಬರುವ ಸಂಭವ ಸುಮಾರು ಶೇ. 10ಕ್ಕೆ ಏರುತ್ತದೆ; ಅಂದರೆ ಅಂಥ ಹತ್ತು ಮಕ್ಕಳಲ್ಲಿ ಒಂಬತ್ತು ಮಂದಿಗೆ ಬರುವುದಿಲ್ಲ. ಚಿಕ್ಕಪ್ಪನಿಗೋ ಸೋದರತ್ತೆಗೋ ಇದ್ದರೆ ಆ ಸಂಭವ ಇನ್ನೂ ಎಷ್ಟೋ ಕಡಿಮೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಕುಟುಂಬದಲ್ಲಿ ಹರಿದು ಬರುವುದು ನಮಗೆಲ್ಲ ಗೊತ್ತಿದ್ದೂ ಆ ಕಾರಣಕ್ಕೆ ಒಂದು ಮದುವೆಯೂ ಮುರಿದದ್ದನ್ನು ನಾನು ಕೇಳಿಲ್ಲ. ದೊಡ್ಡಪ್ಪನ ಮಗನೊಬ್ಬ ಕಾಲೇಜಿನ ದಿನಗಳಲ್ಲಿ ಆರು ತಿಂಗಳು ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದ ಎಂಬ ಕಾರಣಕ್ಕೆ ಹುಡುಗಿಯೊಬ್ಬಳ ಸಂಬಂಧ ನಿಂತದ್ದನ್ನು ಮಾತ್ರ ಕೇಳಿದ್ದೇನೆ, ಮತ್ತು ಅದರ ಅನ್ಯಾಯ ನನ್ನನ್ನು ಇವತ್ತಿಗೂ ಕಾಡುತ್ತದೆ.

ಬಾಣಂತಿ ಸನ್ನಿ ಎಂದು ನಮ್ಮ ಅಜ್ಜಿಯರು ಕರೆಯುತ್ತಿದ್ದ ಸ್ಥಿತಿಯದ್ದು ಇದಕ್ಕಿಂತ ನೋವಿನ ಕಥೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮಗು ಹುಟ್ಟಿದ ಮೊದಲ ಎರಡು ವಾರಗಳೊಳಗೆ, ತಾಯಿಗೆ ನಿದ್ದೆ ಹಾರಿ, ಮಾತು ಅಸಂಬದ್ಧವಾಗಿ, ಇಲ್ಲದ ದನಿಗಳು ಕೇಳಿಸತೊಡಗುತ್ತವೆ. ಇದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಬೇಗ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ. ಆದರೆ ತವರಿನವರು 'ಗಂಡನ ಮನೆಗೆ ಗೊತ್ತಾದರೆ ವಾಪಸ್ ಕರೆಸಿಕೊಳ್ಳುವುದಿಲ್ಲ' ಎಂದು ಹೆದರಿ ಕೋಣೆಯ ಬಾಗಿಲು ಹಾಕಿ, ಗಾಳಿ ಸೋಂಕಿದೆ ಎಂದು ದಿನ ದೂಡುತ್ತಾರೆ. ತಾಯಿ ಮತ್ತು ಮಗು ಇಬ್ಬರ ಜೀವಕ್ಕೂ ಅಪಾಯವಿರುವ ದಿನಗಳು ಅವೇ.

ಕರಾವಳಿಯಲ್ಲಿ ನಾನು ಕಂಡ ಒಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾ ಅಂಗಡಿಯನ್ನೂ ಅಲ್ಲಿದ್ದವರನ್ನೂ ಗಂಗಾವಳಿ ನದಿಗೆ ತಳ್ಳಿತು. ಅದಾದ ಮೇಲೆ ಮಳೆ ಜೋರಾದ ರಾತ್ರಿ ಎದೆ ಹೊಡೆದುಕೊಳ್ಳುತ್ತದೆ, ಕಣ್ಣು ಮುಚ್ಚಿದರೆ ಅದೇ ಸದ್ದು ಕೇಳುತ್ತದೆ ಎಂದು ಹೇಳುವವರನ್ನು ಆ ಕಡೆ ಭೇಟಿಯಾಗಿದ್ದೇನೆ. ಅವರು ಅದನ್ನು ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಎಲ್ಲರೆದುರೇ ಹೇಳುತ್ತಾರೆ, ಕೇಳಿದವರು ತಲೆಯಾಡಿಸಿ ಸಮಾಧಾನ ಹೇಳುತ್ತಾರೆ, ಯಾರೂ ಅದನ್ನು ಮಂಡೆ ಕೆಟ್ಟದ್ದು ಎಂದು ಕರೆಯುವುದಿಲ್ಲ. ಕಾರಣ ಕಣ್ಣಿಗೆ ಕಾಣುವ ಗುಡ್ಡವಾಗಿದ್ದರೆ ನಮ್ಮ ಜನರಿಗೆ ಕರುಣೆ ತಾನಾಗಿ ಬರುತ್ತದೆ. ಕಾರಣ ಕಾಣದಿದ್ದಾಗ ಮಾತ್ರ ಅದನ್ನು ವ್ಯಕ್ತಿಯ ಸ್ವಭಾವದಲ್ಲಿ, ಮನೆತನದ ರಕ್ತದಲ್ಲಿ, ಯಾರದೋ ಮಾಟದಲ್ಲಿ ಹುಡುಕುತ್ತೇವೆ. ಅಂದ ಮೇಲೆ ಕರುಣೆ ನಮ್ಮಲ್ಲಿ ಇಲ್ಲವೆಂದಲ್ಲ, ಅದು ಈ ಕಾಯಿಲೆಗಳವರೆಗೆ ತಲುಪಿಲ್ಲ.

ಕಾಯಿಲೆಗೆ ದೈವದ ಕಾರಣ ಹುಡುಕಿ ನೋಟ ಕೇಳಿಸುವವರನ್ನು, ದೇವಸ್ಥಾನದಲ್ಲಿ ಪ್ರಸಾದ ಕೇಳುವವರನ್ನು ಬೈಯುವುದರಿಂದ ಈ ಕೆಲಸ ಆಗುತ್ತದೆ ಎಂಬ ನಂಬಿಕೆ ನನಗಿಲ್ಲ. ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನವೊಂದರಲ್ಲಿ ತಂಗಿದ್ದ ತೀವ್ರ ಮಾನಸಿಕ ಕಾಯಿಲೆಯ ಜನರನ್ನು ನಿಮ್ಹಾನ್ಸ್‌ನ ವೈದ್ಯರು ಗಮನಿಸಿ, ಅವರ ಲಕ್ಷಣಗಳು ಸುಮಾರು ಶೇ. 20ರಷ್ಟು ಇಳಿದಿದ್ದನ್ನು 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದರು. ಅಲ್ಲಿ ವಿಶೇಷ ಪೂಜೆಯಾಗಲಿ ಮಾಂತ್ರಿಕ ಕ್ರಿಯೆಯಾಗಲಿ ನಡೆಯುತ್ತಿರಲಿಲ್ಲ. ಜೊತೆಗೊಬ್ಬ ಮನೆಯವರು ಇರುತ್ತಿದ್ದರು, ದೇವಸ್ಥಾನದ ಸಣ್ಣಪುಟ್ಟ ಕೆಲಸದಲ್ಲಿ ಎಲ್ಲರಂತೆ ಕೈಜೋಡಿಸುತ್ತಿದ್ದರು, ಯಾರೂ ಹೀಯಾಳಿಸುತ್ತಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಿಂದ ಕಟ್ಟಿಹಾಕಿದ್ದ ಮನೋರೋಗಿಗಳ ವಸತಿಗೆ ಬೆಂಕಿ ಬಿದ್ದಾಗ ಓಡಲಾಗದೆ 28 ಜನ ಸತ್ತರು. ಎರಡೂ ಕಡೆ ಜನರನ್ನು ಕರೆತಂದದ್ದು ನಂಬಿಕೆಯೇ. ವ್ಯತ್ಯಾಸವಿದ್ದದ್ದು ಮನುಷ್ಯನನ್ನು ನಡೆಸಿಕೊಂಡ ರೀತಿಯಲ್ಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿ ಹಾಕುವುದನ್ನು ಯಾವುದೇ ರೂಪದಲ್ಲಿ ನಿಷೇಧಿಸಿದೆ. ನಮ್ಮೂರಿನ ಅರ್ಚಕರು ಪ್ರಸಾದ ಕೊಡುವಾಗಲೇ 'ಆಸ್ಪತ್ರೆಗೂ ಕರೆದುಕೊಂಡು ಹೋಗಿ, ಮಾತ್ರೆ ಬಿಡಿಸಬೇಡಿ' ಎಂದು ಒಂದು ಮಾತು ಸೇರಿಸಿದರೆ ಅದು ಯಾವ ಜಾಥಾಕ್ಕಿಂತಲೂ ಹೆಚ್ಚು ಮನೆಗಳನ್ನು ಮುಟ್ಟುತ್ತದೆ, ಮತ್ತು ಹಾಗೆ ಹೇಳುವ ಅರ್ಚಕರು ನಮ್ಮ ಜಿಲ್ಲೆಯಲ್ಲಿ ಇಲ್ಲದಿಲ್ಲ.

ಪ್ರತಿವರ್ಷ ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ಶಾಲಾ ಮಕ್ಕಳ ಮೆರವಣಿಗೆ, ಬ್ಯಾನರ್, ಭಾಷಣ ಇವೆಲ್ಲ ಇರುತ್ತವೆ, ಇರಲಿ. ಆದರೆ ಮಾಹಿತಿ ಮಾತ್ರದಿಂದ ಮನಸ್ಸು ಬದಲಾಗುವುದು ಕಡಿಮೆ. 'ಇದು ಮೆದುಳಿನ ರಾಸಾಯನಿಕಗಳ ಕಾಯಿಲೆ' ಎಂದು ವಿವರಿಸಿದಾಗ ರೋಗಿಯನ್ನು ದೂಷಿಸುವುದು ತಗ್ಗಿದರೂ, ಹಾಗಾದರೆ ಇದು ಹೋಗುವುದೇ ಇಲ್ಲ ಎಂದು ದೂರ ಸರಿಯುವವರು ಹೆಚ್ಚಬಹುದು ಎಂಬುದನ್ನು ಅಧ್ಯಯನಗಳು ಕಂಡುಕೊಂಡಿವೆ. ಕಳಂಕದ ಕುರಿತು ಲ್ಯಾನ್ಸೆಟ್ ಪತ್ರಿಕೆ ನೇಮಿಸಿದ ಆಯೋಗ 2022ರ ತನ್ನ ವರದಿಯಲ್ಲಿ, ಕಾಯಿಲೆಯನ್ನು ಸ್ವತಃ ಅನುಭವಿಸಿದವರೊಂದಿಗಿನ ಸಂಪರ್ಕವೇ ಎಲ್ಲಕ್ಕಿಂತ ಪರಿಣಾಮಕಾರಿ ಎಂದು ಹೇಳಿತು. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕೇರಿಯ ಒಂದು ಅಡಿಕೆ ಸುಲಿತ.

ಕೊನೆಕೊಯ್ಲಿನ ದಿನಗಳಲ್ಲಿ ರಾತ್ರಿ ಊಟ ಮುಗಿಸಿ ಕೇರಿಯವರೆಲ್ಲ ಒಬ್ಬರ ಮನೆಯ ಅಂಗಳದಲ್ಲಿ ಕೂಡಿ ಅಡಿಕೆ ಸುಲಿಯುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಬೈಪೋಲಾರ್ ಕಾಯಿಲೆಯಿಂದ ಕೆಲವು ವಾರ ಆಸ್ಪತ್ರೆಯಲ್ಲಿದ್ದು ಬಂದಿದ್ದ ನೆರೆಮನೆಯ ಗಂಡಸೊಬ್ಬರು ಅಂದು ಅಂಗಳದ ತುದಿಯಲ್ಲಿ ನಿಂತಿದ್ದರು. ಅವರಿಗೆ ಅಡಿಕೆ ಸುಲಿಯುವ ಮೆಟ್ಟುಗತ್ತಿ ಕೊಡುವುದೋ ಬೇಡವೋ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ಕೈಯೂ ಒಂದು ಕ್ಷಣ ನಿಂತದ್ದು ನನಗೆ ಕಂಡಿತು. ಮನೆಯ ಯಜಮಾನತಿ ಒಳಗಿನಿಂದ ಒಂದು ಮೆಟ್ಟುಗತ್ತಿ ತಂದು, ಪ್ರತಿವರ್ಷ ಅವರು ಕೂರುತ್ತಿದ್ದ ಕಂಬದ ಬುಡದಲ್ಲೇ ಇಟ್ಟು, ಮಣೆ ಸರಿಸಿ, 'ನಿಂಗ್ಳ ಜಾಗ ಇದೇ ಅಲ್ದಾ' ಎಂದರು. ಲಿಥಿಯಂ ಮಾತ್ರೆಯಿಂದ ಅವರ ಬೆರಳು ಸಣ್ಣಗೆ ನಡುಗುತ್ತಿತ್ತು. ಎಂದಿನಷ್ಟು ವೇಗದಲ್ಲಿ ಸುಲಿಯಲಾಗುತ್ತಿರಲಿಲ್ಲ. ಪಕ್ಕದ ಹುಡುಗ ಕೈ ಯಾಕೆ ನಡುಗುತ್ತದೆ ಎಂದು ಕೇಳಿಯೇ ಬಿಟ್ಟ. ಅವರು ಮಾತ್ರೆಯ ಹೆಸರು ಹೇಳಿ, ಅದಕ್ಕಾಗಿ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂದು ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಬಗ್ಗೆ ಹೇಳುವಷ್ಟೇ ಸಲೀಸಾಗಿ ವಿವರಿಸಿದರು. ಮುಂದಿನ ವಾರ ಅದೇ ಕೇರಿಯ ಇನ್ನೊಬ್ಬರು ತಮ್ಮ ಮಗಳಿಗೆ ನಿದ್ದೆ ಬರುತ್ತಿಲ್ಲ, ಯಾವ ಡಾಕ್ಟರಿಗೆ ತೋರಿಸಲಿ ಎಂದು ಅವರನ್ನೇ ಕೇಳಿದ್ದು ನನಗೆ ಗೊತ್ತಿದೆ.

ಚಿಕಿತ್ಸೆ ಹತ್ತಿರದಲ್ಲಿದ್ದರೆ ಇಂಥ ಮಾತು ಸುಲಭವಾಗುತ್ತದೆ. ಬಹುಕಾಲ ನಮಗೆ ಮಾನಸಿಕ ಚಿಕಿತ್ಸೆಯೆಂದರೆ ಧಾರವಾಡದ ಮಾನಸಿಕ ಆಸ್ಪತ್ರೆಯೇ ಆಗಿತ್ತು, ಮತ್ತು ಧಾರವಾಡಕ್ಕೆ ಕರೆದೊಯ್ದರು ಎಂಬುದೇ ಒಂದು ಅಪವಾದವಾಗುತ್ತಿತ್ತು. ಶಿರಸಿಯಿಂದ ಜಿಲ್ಲಾ ಆಸ್ಪತ್ರೆಯಿರುವ ಕಾರವಾರಕ್ಕೆ ಘಟ್ಟ ಇಳಿದು ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಜೊಯಿಡಾದ ಒಳಗಿನ ಹಳ್ಳಿಯವರ ಪಾಡು ಬೇರೆ ಹೇಳಬೇಕಾಗಿಲ್ಲ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೇ ಬರುವಂತೆ ರಾಜ್ಯ ಸರ್ಕಾರ ರೂಪಿಸಿದ ಮನೋಚೈತನ್ಯ ಕಾರ್ಯಕ್ರಮ ಈ ಕಾರಣಕ್ಕೆ ನನಗೆ ಬಹಳ ಮುಖ್ಯವೆನ್ನಿಸುತ್ತದೆ. ಜ್ವರದವರು, ಮಂಡಿನೋವಿನವರು ಕೂರುವ ಬೆಂಚಿನ ಮೇಲೇ ಕೂತು ಸರದಿ ಕಾಯುವಾಗ ಆ ಕಾಯಿಲೆ ಉಳಿದವುಗಳ ಸಾಲಿಗೆ ಸೇರುತ್ತದೆ. ಅಷ್ಟೂ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ: 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಆರೋಗ್ಯ ವಿಮೆಯವರು ದೈಹಿಕ ಕಾಯಿಲೆಗೆ ಕೊಡುವ ಸೌಲಭ್ಯವನ್ನು ಮಾನಸಿಕ ಕಾಯಿಲೆಗೂ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ, ರೋಗಿಯ ವಿವರಗಳನ್ನು ಗೋಪ್ಯವಾಗಿಡಬೇಕೆಂದೂ ಹೇಳುತ್ತದೆ. ಹೇಳಿಕೊಳ್ಳುವುದು ಕಾಯಿಲೆಯವರ ಇಷ್ಟಕ್ಕೆ ಬಿಟ್ಟದ್ದು. ಅವರ ಪರವಾಗಿ ಊರಿಗೆಲ್ಲ ಸಾರುವ ಹಕ್ಕು ನೆಂಟರಿಗಾಗಲಿ ನನ್ನಂಥ ಉತ್ಸಾಹಿಗಳಿಗಾಗಲಿ ಇಲ್ಲ.

ಈ ಸಲ ನಮ್ಮ ಹಾಲಿನ ಡೇರಿಯಲ್ಲಿ, ಸೊಸೈಟಿಯ ಫಲಕದಲ್ಲಿ, ಅಂಗನವಾಡಿಯ ಗೋಡೆಯ ಮೇಲೆ ಮೂರು ಸಾಲು ಬರೆಸಬೇಕೆಂದು ಕೆಲವರು ಸೇರಿ ಕೇಳಿಕೊಂಡಿದ್ದೇವೆ: ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ದಿನ, ಅವರು ಕೂರುವ ಕೋಣೆ, ಮತ್ತು 14416. ಹೆರಿಗೆಯಾದ ಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಮಗುವಿನ ತೂಕ ನೋಡುವಾಗ ತಾಯಿಯ ನಿದ್ದೆಯನ್ನೂ ವಿಚಾರಿಸಲಿ ಎಂಬುದು ನಮ್ಮ ಎರಡನೆಯ ಕೋರಿಕೆ. ಮದುವೆಯ ಮಾತಾಡಿಸುವ ಹಿರಿಯರಲ್ಲಿ ಇಬ್ಬರೊಂದಿಗೆ ನಾನೇ ಕೂತು ಮೇಲಿನ ಶೇ. 10ರ ಲೆಕ್ಕವನ್ನು ಹೇಳಿದ್ದೇನೆ. ಒಬ್ಬರು ಒಪ್ಪಿದರು, ಇನ್ನೊಬ್ಬರು ಯೋಚಿಸಿ ಹೇಳುತ್ತೇನೆ ಎಂದಿದ್ದಾರೆ. ದೀಪಾವಳಿ ಕಳೆದ ಮೇಲೆ ಅವರ ಮನೆಗೆ ಮತ್ತೆ ಹೋಗುವವಳಿದ್ದೇನೆ.